ಡೇರಿ ಲೆಕ್ಕದ ಎಕ್ಸೆಲ್ ಫೈಲಿನಿಂದ ಮ್ಯಾಕ್ರೋಗಳನ್ನು ಬಿಡಿಸಿ ತೆಗೆದದ್ದು

ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಬಟವಾಡೆ ಲೆಕ್ಕ ನಡೆಯುತ್ತಿದ್ದದ್ದು ಎಕ್ಸೆಲ್‌ನಲ್ಲಿ. ಪ್ರತಿ ತಿಂಗಳ ಮೊದಲ ದಿನ ಹಿಂದಿನ ತಿಂಗಳ ಫೈಲನ್ನು ಹೊಸ ಹೆಸರಿನಲ್ಲಿ ಉಳಿಸಿಕೊಂಡು, ಹಾಲಿನ ಅಂಕಿಗಳನ್ನೆಲ್ಲ ಅಳಿಸಿ, ಮತ್ತೆ ತುಂಬುತ್ತಾ ಹೋಗುವುದು ರೂಢಿ. ಅಂಕಿಗಳ ಜೊತೆಗೆ ಮ್ಯಾಕ್ರೋಗಳೂ, ಅಂದರೆ ಎಕ್ಸೆಲ್ ಫೈಲಿನೊಳಗೇ ಕುಳಿತು ಓಡುವ ಸಣ್ಣ ಪ್ರೋಗ್ರಾಮುಗಳೂ, ಹೀಗೆಯೇ ತಿಂಗಳಿಗೊಂದು ಪ್ರತಿಯಾಗಿ ಬೆಳೆದಿದ್ದವು. ಅವನ್ನು ಬರೆದವರು ಬೇರೆ ಊರಿಗೆ ಹೋಗಿ ಬಹಳ ದಿನಗಳಾಗಿದ್ದವು. ಯಾವ ಪ್ರತಿಯಲ್ಲಿ ಯಾವ ತಿದ್ದುಪಡಿ ಇದೆ ಎಂದು ಹೇಳಬಲ್ಲವರು ಸಂಘದಲ್ಲಿ ಯಾರೂ ಇರಲಿಲ್ಲ.

ತಕರಾರು ಎದ್ದದ್ದು ಒಂದು ಪೈಸೆಗೆ. 4.7 ಲೀಟರ್ ಹಾಲು, ಲೀಟರಿಗೆ 38.75 ರೂಪಾಯಿ, ಗುಣಿಸಿದರೆ 182.125. ಸದಸ್ಯರ ಕೈಗೆ ಕೊಟ್ಟ ಚೀಟಿಯಲ್ಲಿ 182.12 ಎಂದಿತ್ತು, ಖಾತೆಯ ಶೀಟಿನಲ್ಲಿ 182.13. ಎರಡೂ ಒಂದೇ ಫೈಲಿನಿಂದ ಹೊರಟ ಅಂಕಿಗಳು. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಸೆಲ್‌ನಲ್ಲಿ ಬರೆಯುವ ‘ರೌಂಡ್’ ಸೂತ್ರ ಅರ್ಧವನ್ನು ಯಾವಾಗಲೂ ಮೇಲಕ್ಕೆ ಏರಿಸುತ್ತದೆ. ಮ್ಯಾಕ್ರೋಗಳ ಭಾಷೆಯಾದ ವಿಬಿಎಯಲ್ಲಿರುವ ‘ರೌಂಡ್’ ಹಾಗಲ್ಲ. ಸರಿಯಾಗಿ ಅರ್ಧ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಹೆಸರು ಒಂದೇ, ನಡತೆ ಬೇರೆ. ಚೀಟಿಯನ್ನು ಮುದ್ರಿಸುತ್ತಿದ್ದದ್ದು ಮ್ಯಾಕ್ರೋ, ಖಾತೆಯನ್ನು ಲೆಕ್ಕ ಹಾಕುತ್ತಿದ್ದದ್ದು ಸೆಲ್‌ನ ಸೂತ್ರ.

ತಿದ್ದುವುದು ಒಂದೇ ಸಾಲಿನ ಕೆಲಸ. ಆದರೆ ಯಾವ ಫೈಲಿನಲ್ಲಿ? ಲೆಕ್ಕ ಪರಿಶೋಧನೆಗೆಂದು ಹಳೆಯ ತಿಂಗಳ ಚೀಟಿಯನ್ನು ಮತ್ತೆ ಮುದ್ರಿಸಿದರೆ ಆ ತಿಂಗಳ ಫೈಲಿನಲ್ಲಿರುವ ಹಳೆಯ ಮ್ಯಾಕ್ರೋ ಓಡುತ್ತದೆ, ಹಳೆಯ ತಪ್ಪೇ ಮತ್ತೆ ಕಾಗದದ ಮೇಲೆ ಬರುತ್ತದೆ. ಹಾಗಾಗಿ ರೌಂಡ್ ಬದಲಿಸುವ ಮೊದಲೇ ಕೋಡನ್ನು ಒಂದು ಕಡೆ, ಹಾಲಿನ ಲೆಕ್ಕವನ್ನು ಇನ್ನೊಂದು ಕಡೆ ಇಡುವುದೆಂದು ತೀರ್ಮಾನಿಸಿದೆ.

ಗಡಿ ಎಲ್ಲಿ?

ಮ್ಯಾಕ್ರೋ ಇರುವ ಎಕ್ಸೆಲ್ ಫೈಲ್, ಅಂದರೆ ಎಕ್ಸ್‌ಎಲ್‌ಎಸ್‌ಎಂ, ನಿಜದಲ್ಲಿ ಒಂದು ಜಿಪ್ ಫೈಲ್. ಪ್ರತಿ ಮಾಡಿಕೊಂಡು ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ತೆರೆದರೆ ಒಳಗೆ ಪ್ರತಿ ಶೀಟಿಗೂ ಒಂದು ಎಕ್ಸ್‌ಎಂಎಲ್ ಫೈಲ್, ಪಠ್ಯಕ್ಕೆ ಒಂದು, ಮತ್ತು ಎಲ್ಲ ಮ್ಯಾಕ್ರೋಗಳನ್ನೂ ಹೊತ್ತ ‘ವಿಬಿಎಪ್ರಾಜೆಕ್ಟ್’ ಎಂಬ ಒಂದು ಬೈನರಿ ಫೈಲ್ ಕಾಣುತ್ತದೆ. ಮೈಕ್ರೋಸಾಫ್ಟ್‌ನವರೇ ಒಳಗೆ ಬೇರೆ ಮಾಡಿಟ್ಟಿದ್ದಾರೆ, ಆ ಬೈನರಿಯನ್ನು ಹೊರಗೆ ತೆಗೆದರೆ ಮುಗಿಯಿತು ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಕೋಡನ್ನು ಓದಲು ಕುಳಿತರೆ ಆ ಭ್ರಮೆ ಉಳಿಯುವುದಿಲ್ಲ.

ಸಂಘದ ಹೆಸರು ಮತ್ತು ವಿಳಾಸ ಕೋಡಿನಲ್ಲಿತ್ತು. ಸದಸ್ಯರ ಸಾಲುಗಳು ಎಲ್ಲಿಂದ ಎಲ್ಲಿಯವರೆಗೆ ಎಂಬ ಅಂಕಿ ಕೋಡಿನಲ್ಲಿತ್ತು. ಹೊಸ ಸದಸ್ಯರು ಸೇರಿದಾಗಲೆಲ್ಲ ಯಾರೋ ಅದನ್ನು ತಿದ್ದಿದ್ದರು, ಕೆಲವು ಕಡೆ ತಿದ್ದುವುದನ್ನು ಬಿಟ್ಟಿದ್ದರು. ರಾಜ್ಯ ಸರ್ಕಾರ ಹಾಲಿಗೆ ಕೊಡುವ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ, 2013ರಲ್ಲಿ 4 ಆಗಿ, ಆಮೇಲೆ 5ಕ್ಕೆ ಏರಿತು. ಆ ಏರಿಕೆಯ ಚರಿತ್ರೆ ‘ಈ ದಿನಾಂಕಕ್ಕಿಂತ ಮುಂಚೆಯಾದರೆ 4, ಇಲ್ಲವಾದರೆ 5’ ಎಂಬ ಸಾಲಾಗಿ ಮ್ಯಾಕ್ರೋದ ಹೊಟ್ಟೆಯಲ್ಲಿ ಕುಳಿತಿತ್ತು. ಲ್ಯಾಕ್ಟೋಮೀಟರ್ ಅಂಕಿಯ ಕಾಲುಭಾಗಕ್ಕೆ ಫ್ಯಾಟಿನ ಒಂದು ಪಾಲನ್ನೂ ಒಂದು ಸ್ಥಿರಾಂಕವನ್ನೂ ಕೂಡಿಸಿ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಕಂಡುಹಿಡಿಯುವ ಸೂತ್ರದ ಆ ಸ್ಥಿರಾಂಕವೂ ಅಲ್ಲಿಯೇ ಇತ್ತು.

ಇದಕ್ಕೆ ತದ್ವಿರುದ್ಧವಾಗಿ, ಕೋಡ್ ಎನ್ನಬೇಕಾದದ್ದು ಸೆಲ್‌ಗಳಲ್ಲಿ ಹರಡಿಕೊಂಡಿತ್ತು. ಮೊತ್ತದ ಕಾಲಂನಲ್ಲಿ ಮೇಲಿನಿಂದ ಕೆಳಗೆ ಎಳೆದ ಸೂತ್ರಗಳು. ನಡುವೆ ಯಾರೋ ಸೂತ್ರದ ಮೇಲೆಯೇ ಅಂಕಿ ಟೈಪ್ ಮಾಡಿದ ಸೆಲ್‌ಗಳು. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಸ್ಪ್ರೆಡ್‌ಶೀಟಿನ ಸುಖ ಮತ್ತು ಕಷ್ಟ ಎರಡೂ ಇಲ್ಲೇ ಇವೆ. ಪ್ರತಿ ಸೆಲ್ ಅಂಕಿಯೂ ಆಗಬಹುದು, ಪ್ರೋಗ್ರಾಮೂ ಆಗಬಹುದು.

ಗಡಿಯನ್ನು ಗುರುತಿಸಲು ನೆರವಾದದ್ದು ಸಂಘದ ಕಾರ್ಯದರ್ಶಿಯವರ ಒಂದು ಪ್ರಶ್ನೆ. ‘ಸಾರ್, ಒಕ್ಕೂಟದವರು ದರ ಬದಲಿಸಿದರೆ ನಿಮಗೆ ಫೋನ್ ಮಾಡಬೇಕೋ, ನಾವೇ ಮಾಡಿಕೊಳ್ಳಬಹುದೋ?’ ಅದನ್ನೇ ಅಳತೆಗೋಲು ಮಾಡಿಕೊಂಡೆ. ಅವರು ಬದಲಿಸಬೇಕಾದದ್ದೆಲ್ಲ ದತ್ತಾಂಶ, ಅದು ಕೋಡಿನ ಒಳಗಿದ್ದರೂ. ನನಗೆ ಫೋನ್ ಮಾಡಬೇಕಾದದ್ದೆಲ್ಲ ಕೋಡ್, ಅದು ಸೆಲ್‌ನಲ್ಲಿದ್ದರೂ. ಪಟ್ಟಿ ಮಾಡಿದಾಗ ಕೋಡಿನಿಂದ ದತ್ತಾಂಶದ ಕಡೆಗೆ ಹೋದವೇ ಹೆಚ್ಚಾಗಿದ್ದವು.

ಆಕ್ಸೆಸ್, ಎಸ್‌ಕ್ಯೂಲೈಟ್‌ನಂಥ ಡೇಟಾಬೇಸ್ ತಂತ್ರಾಂಶಕ್ಕೆ ಹೋಗುವ ಯೋಚನೆಯನ್ನು ಬೇಗ ಬಿಟ್ಟೆ. ಅವು ಈ ಕೆಲಸಕ್ಕೆ ಹೆಚ್ಚು ತಕ್ಕವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ನಾನಿಲ್ಲದ ದಿನ ಕಾರ್ಯದರ್ಶಿಯವರು ಫೈಲ್ ತೆರೆದು ಕಣ್ಣಾರೆ ಲೆಕ್ಕ ನೋಡುವಂತಿರಬೇಕು. ದತ್ತಾಂಶ ವರ್ಷಕ್ಕೊಂದು ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲಿನಲ್ಲಿ, ಕೋಡ್ ಎಕ್ಸ್‌ಎಲ್‌ಎಎಂ ಎಂಬ ಆಡ್-ಇನ್ ಫೈಲಿನಲ್ಲಿ (ಎಕ್ಸೆಲ್‌ಗೆ ಹೊರಗಿನಿಂದ ಜೋಡಿಸುವ ಮ್ಯಾಕ್ರೋಗಳ ಫೈಲ್) ಎಂದು ನಿಶ್ಚಯಿಸಿದೆ. ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲಿಗೆ ಮ್ಯಾಕ್ರೋವನ್ನು ಹೊರುವ ಶಕ್ತಿಯೇ ಇಲ್ಲ. ಯಾರಾದರೂ ಅದರಲ್ಲಿ ಕೋಡ್ ಬರೆದು ಉಳಿಸಲು ಹೋದರೆ ಎಕ್ಸೆಲ್ ಎಚ್ಚರಿಸಿ, ಕೋಡನ್ನು ಕಳಚಿಹಾಕುತ್ತದೆ. ಶಿಸ್ತನ್ನು ಜನರಿಗೆ ಬಿಡುವುದಕ್ಕಿಂತ ಫೈಲಿನ ಬಗೆಗೇ ಒಪ್ಪಿಸುವುದು ಮೇಲು.

ಆಡ್-ಇನ್‌ಗೂ ಶೀಟುಗಳಿರುತ್ತವೆ, ಆದರೆ ಕಾಣುವುದಿಲ್ಲ. ದರಪಟ್ಟಿಯನ್ನು ಅಲ್ಲಿ ಬಚ್ಚಿಡುವ ಆಸೆ ಹುಟ್ಟುತ್ತದೆ. ಬೇಡ. ಆಡ್-ಇನ್‌ನಲ್ಲಿ ಏನಾದರೂ ಬದಲಾದರೆ ಮುಚ್ಚುವಾಗ ಎಕ್ಸೆಲ್ ‘ಉಳಿಸಲೇ?’ ಎಂದು ಕೇಳುವುದೂ ಇಲ್ಲ, ಬದಲಾವಣೆ ಸದ್ದಿಲ್ಲದೆ ಹೋಗುತ್ತದೆ. ಜೊತೆಗೆ ಕೋಡಿನ ಹೊಸ ಆವೃತ್ತಿ ಬಂದಾಗ ಹಳೆಯ ಆಡ್-ಇನ್ ಫೈಲಿನ ಮೇಲೆ ಹೊಸದನ್ನು ಹಾಕುತ್ತೇವೆ. ಅದರಲ್ಲಿದ್ದ ದರಪಟ್ಟಿಯೂ ಅಳಿಸಿಹೋಗುತ್ತದೆ.

ಶೀಟುಗಳ ರೂಪ

ಹಳೆಯ ಶೀಟಿನಲ್ಲಿ ಸದಸ್ಯರಿಗೊಂದು ಸಾಲು. ತಿಂಗಳ 31 ದಿನ, ಬೆಳಿಗ್ಗೆ ಮತ್ತು ಸಂಜೆ, ಪ್ರತಿ ಹೊತ್ತಿಗೂ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಎಂದು ಮೂರು ಕಾಲಂ. ಒಟ್ಟು 186 ಕಾಲಂಗಳು. ಹಳೆಯ ಎಕ್ಸ್‌ಎಲ್‌ಎಸ್ ಬಗೆಯಲ್ಲಿ 256 ಕಾಲಂಗಳಷ್ಟೇ ಇದ್ದದ್ದರಿಂದ ಒಂದು ಶೀಟಿಗೆ ಒಂದು ತಿಂಗಳು ಎಂಬ ಪದ್ಧತಿ ಹುಟ್ಟಿರಬೇಕು. ಕೋಡು ‘ಆರನೇ ಸಾಲು, ನಲವತ್ತೊಂದನೇ ಕಾಲಂ’ ಎಂದು ಅಂಕಿಯಿಂದಲೇ ಜಾಗ ಹುಡುಕುತ್ತಿತ್ತು. ಒಂದು ಕಾಲಂ ಸೇರಿಸಿದರೆ ಎಲ್ಲವೂ ಪಕ್ಕಕ್ಕೆ ಸರಿಯುತ್ತದೆ, ಫ್ಯಾಟು ಲೀಟರಾಗುತ್ತದೆ.

ಹೊಸದರಲ್ಲಿ ಒಂದು ಹೊತ್ತಿನ ಒಬ್ಬರ ಹಾಲಿಗೆ ಒಂದು ಸಾಲು: ದಿನಾಂಕ, ಹೊತ್ತು, ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ಇದನ್ನು ಎಕ್ಸೆಲ್‌ನ ‘ಟೇಬಲ್’ ಆಗಿ ಮಾಡಿದ್ದೇನೆ. ಟೇಬಲಿಗೂ ಅದರ ಕಾಲಂಗಳಿಗೂ ಹೆಸರು ಇರುವುದರಿಂದ ಕೋಡು ‘ಲೀಟರ್ ಎಂಬ ಕಾಲಂ’ ಎಂದು ಕೇಳುತ್ತದೆ. ಅದು ಎಷ್ಟನೆಯದಾದರೂ ಸರಿ. ಸಾಲುಗಳ ಸಂಖ್ಯೆಯನ್ನೂ ಕೋಡಿಗೆ ಹೇಳಬೇಕಾಗಿಲ್ಲ, ಟೇಬಲ್ ತಾನೇ ಬೆಳೆಯುತ್ತದೆ.

200 ಸದಸ್ಯರು ದಿನಕ್ಕೆ ಎರಡು ಹೊತ್ತು ಹಾಲು ಹಾಕಿದರೆ ವರ್ಷಕ್ಕೆ 1,46,000 ಸಾಲುಗಳು. 2007ರ ನಂತರದ ಎಕ್ಸೆಲ್‌ನಲ್ಲಿ ಒಂದು ಶೀಟಿಗೆ 10,48,576 ಸಾಲುಗಳಿರುವುದರಿಂದ ಚಿಂತೆಯಿಲ್ಲ. ಹಳೆಯ ಎಕ್ಸ್‌ಎಲ್‌ಎಸ್‌ನಲ್ಲಿ ಇದ್ದದ್ದು 65,536 ಮಾತ್ರ. ಆ ಮಿತಿಯನ್ನು ಹಗುರವಾಗಿ ಕಾಣುವಂತಿಲ್ಲ: 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪ್ರಯೋಗಾಲಯಗಳ ಕೋವಿಡ್ ಫಲಿತಾಂಶಗಳನ್ನು ಹಳೆಯ ಎಕ್ಸ್‌ಎಲ್‌ಎಸ್ ಬಗೆಗೆ ತುಂಬುತ್ತಿದ್ದಾಗ ಮಿತಿ ಮೀರಿದ ಸಾಲುಗಳು ಬಿದ್ದುಹೋಗಿ 15,841 ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿಹೋಗಿದ್ದವು. ಎಕ್ಸೆಲ್‌ನಲ್ಲಿ ದತ್ತಾಂಶ ಇಡುವವರು ಯಾವ ಬಗೆಯ ಫೈಲಿನಲ್ಲಿ ಇಡುತ್ತಿದ್ದೇವೆ ಎಂದು ಒಮ್ಮೆಯಾದರೂ ನೋಡಿಕೊಳ್ಳಬೇಕು.

ದರಪಟ್ಟಿ, ಪ್ರೋತ್ಸಾಹಧನ, ಎಸ್‌ಎನ್‌ಎಫ್ ಸ್ಥಿರಾಂಕ ಇವುಗಳಿಗೆ ಒಂದೊಂದು ಟೇಬಲ್. ಪ್ರತಿಯೊಂದರಲ್ಲೂ ‘ಜಾರಿ ದಿನಾಂಕ’ ಎಂಬ ಕಾಲಂ. ದರ ಬದಲಾದರೆ ಹಳೆಯ ಸಾಲನ್ನು ತಿದ್ದುವುದಿಲ್ಲ, ಹೊಸ ದಿನಾಂಕದೊಂದಿಗೆ ಹೊಸ ಸಾಲು ಸೇರಿಸುತ್ತಾರೆ. ಹಾಲಿನ ದಿನಾಂಕಕ್ಕೆ ಮುಂಚಿನ ಅತಿ ಹತ್ತಿರದ ಸಾಲನ್ನು ಕೋಡು ಆರಿಸುತ್ತದೆ.

ಮೊತ್ತದ ಕಾಲಂನಲ್ಲಿ ಸೂತ್ರ ಇಡಬೇಕೋ, ಬರಿಯ ಅಂಕಿ ಇಡಬೇಕೋ ಎಂಬ ಬಗ್ಗೆ ಬಹಳ ಯೋಚಿಸಿದೆ. ಸೂತ್ರವಿದ್ದರೆ ಲೆಕ್ಕ ಕಣ್ಣಿಗೆ ಕಾಣುತ್ತದೆ, ಪರಿಶೋಧಕರಿಗೆ ಅನುಕೂಲ. ಆದರೆ ಬಟವಾಡೆ ಆಗಿಹೋದ ಹಣ ಲೆಕ್ಕವಲ್ಲ, ನಡೆದ ಸಂಗತಿ. ಮುಂದಿನ ವರ್ಷ ಯಾರೋ ದರಪಟ್ಟಿಯನ್ನು ಮುಟ್ಟಿದರೆ ಹಿಂದಿನ ವರ್ಷ ಕೊಟ್ಟ ಹಣ ಕಾಗದದ ಮೇಲೆ ಬದಲಾಗಬಾರದು. ನಮೂದಿಸುವ ಹೊತ್ತಿನಲ್ಲೇ ಕೋಡು ದರವನ್ನೂ ಮೊತ್ತವನ್ನೂ ಲೆಕ್ಕ ಹಾಕಿ ಅಂಕಿಯಾಗಿ ಬರೆದಿಡುತ್ತದೆ. ಮೊತ್ತವನ್ನು ಪೈಸೆಗೆ ರೌಂಡ್ ಮಾಡುವ ಕೆಲಸ ಒಂದೇ ಒಂದು ಕಡೆ ನಡೆಯುತ್ತದೆ, ಅದೂ ಶೀಟಿನ ರೌಂಡನ್ನೇ ಮ್ಯಾಕ್ರೋದಿಂದ ಕರೆದು.

ಕೋಡನ್ನು ಎತ್ತಿಟ್ಟಾಗ ಮುರಿದದ್ದು

ಮ್ಯಾಕ್ರೋ ಮಾಡ್ಯೂಲುಗಳನ್ನು ಎಕ್ಸ್‌ಪೋರ್ಟ್ ಮಾಡಿ ಹೊಸ ಆಡ್-ಇನ್‌ಗೆ ಇಂಪೋರ್ಟ್ ಮಾಡುವುದು ನಿಮಿಷದ ಕೆಲಸ. ಓಡಿಸಿದರೆ ಮೊದಲ ಸಾಲಿನಲ್ಲೇ ನಿಂತಿತು. ಹಳೆಯ ಕೋಡಿನಲ್ಲಿ ಎಲ್ಲೆಲ್ಲೂ ‘ದಿಸ್ ವರ್ಕ್‌ಬುಕ್’ ಎಂದಿತ್ತು. ವಿಬಿಎಯಲ್ಲಿ ಹಾಗೆಂದರೆ ಕೋಡ್ ಇರುವ ಫೈಲ್. ಕೋಡೂ ಅಂಕಿಯೂ ಒಂದೇ ಕಡೆ ಇದ್ದಾಗ ಅದು ಸರಿ. ಈಗ ಅದು ಆಡ್-ಇನ್‌ನ ಖಾಲಿ ಶೀಟನ್ನು ತೋರಿಸುತ್ತದೆ. ‘ಆಕ್ಟಿವ್ ವರ್ಕ್‌ಬುಕ್’ ಎಂದು ಬದಲಿಸುವ ಸುಲಭದ ಹಾದಿ ಇದೆ, ಆದರೆ ಅದು ಇನ್ನೂ ಅಪಾಯಕಾರಿ. ಆ ಕ್ಷಣ ಮುಂದೆ ತೆರೆದಿರುವ ಫೈಲ್ ಯಾವುದಾದರೂ ಆಗಿರಬಹುದು. ಮಗಳ ಶಾಲೆಯ ಅಂಕಪಟ್ಟಿಯ ಮೇಲೆ ಹಾಲಿನ ಲೆಕ್ಕ ಬರೆದುಬಿಡುತ್ತದೆ. ಯಾವ ಫೈಲ್ ಎಂದು ಹೇಳದೆ ‘ರೇಂಜ್’ ಎಂದಷ್ಟೇ ಬರೆದ ಸಾಲುಗಳಿಗೂ ಇದೇ ರೋಗ.

ಪರಿಹಾರವಾಗಿ ಒಂದು ಸಣ್ಣ ಫಂಕ್ಷನ್ ಬರೆದೆ. ತೆರೆದಿರುವ ಫೈಲುಗಳಲ್ಲಿ ‘ಇದು ಡೇರಿ ಲೆಕ್ಕ’ ಎಂಬ ಗುರುತು ಇರುವುದನ್ನು ಅದು ಹುಡುಕಿ ಕೊಡುತ್ತದೆ. ಸಿಗದಿದ್ದರೆ ಕೆಲಸವನ್ನೇ ನಿಲ್ಲಿಸುತ್ತದೆ. ಗುರುತನ್ನು ಫೈಲಿನ ಹೆಸರಿನಲ್ಲಿ ಇಟ್ಟಿಲ್ಲ, ಹೆಸರನ್ನು ಯಾರು ಬೇಕಾದರೂ ಬದಲಿಸುತ್ತಾರೆ. ಫೈಲಿನ ಗುಣಲಕ್ಷಣಗಳಲ್ಲಿ ನಮ್ಮದೇ ಒಂದು ಕಸ್ಟಮ್ ಗುಣವನ್ನು ಸೇರಿಸಿ, ಅದರಲ್ಲಿ ಫೈಲಿನ ಬಗೆ ಮತ್ತು ವಿನ್ಯಾಸದ ಸಂಖ್ಯೆಯನ್ನು ಬರೆದಿದ್ದೇನೆ. ಕೋಡಿಗೆ ತಿಳಿದಿರುವುದಕ್ಕಿಂತ ಫೈಲಿನ ವಿನ್ಯಾಸ ಹೊಸದಾಗಿದ್ದರೆ ಅದು ಮುಟ್ಟುವುದಿಲ್ಲ. ಹಳೆಯದಾಗಿದ್ದರೆ ಮೊದಲು ಪ್ರತಿ ತೆಗೆದಿಟ್ಟು ಆಮೇಲೆ ಹೊಸ ಕಾಲಂ ಸೇರಿಸುತ್ತದೆ. ಕೋಡು ಮತ್ತು ದತ್ತಾಂಶ ಬೇರೆಯಾದ ದಿನದಿಂದ ಅವೆರಡರ ವಯಸ್ಸೂ ಬೇರೆಯಾಗುತ್ತದೆ. ಈ ತಪಾಸಣೆ ಇಲ್ಲದೆ ಬೇರ್ಪಡಿಸುವುದಾದರೆ ಬೇರ್ಪಡಿಸದಿರುವುದೇ ಲೇಸು.

ಶೀಟಿನ ಮೇಲಿದ್ದ ಗುಂಡಿಗಳದ್ದು ಇನ್ನೊಂದು ಕಥೆ. ಬಾಡಿಗೆದಾರರು ಮನೆ ಬಿಟ್ಟು ಹೋದ ಮೇಲೂ ಕಾಗದಗಳು ಹಳೆಯ ವಿಳಾಸಕ್ಕೇ ಬರುವ ಹಾಗೆ, ಹೊಸ ಫೈಲಿಗೆ ನಕಲಾದ ಗುಂಡಿಯನ್ನು ಒತ್ತಿದರೆ ಎಕ್ಸೆಲ್ ಹಳೆಯ ಫೈಲನ್ನೇ ಹುಡುಕಿ ತೆರೆದು ಅಲ್ಲಿನ ಮ್ಯಾಕ್ರೋವನ್ನು ಓಡಿಸುತ್ತಿತ್ತು. ಗುಂಡಿಗೆ ಕಟ್ಟಿದ ಮ್ಯಾಕ್ರೋದ ಹೆಸರಿನೊಂದಿಗೆ ಫೈಲಿನ ಹೆಸರೂ ಅಂಟಿಕೊಂಡಿರುತ್ತದೆ. ದತ್ತಾಂಶದ ಫೈಲಿನಿಂದ ಎಲ್ಲ ಗುಂಡಿಗಳನ್ನೂ ಕಿತ್ತುಹಾಕಿ, ಆಡ್-ಇನ್‌ನಲ್ಲೇ ‘ಡೇರಿ’ ಎಂಬ ರಿಬ್ಬನ್ ಟ್ಯಾಬ್ (ಎಕ್ಸೆಲ್‌ನ ಮೇಲ್ಭಾಗದ ಗುಂಡಿಗಳ ಪಟ್ಟಿಯಲ್ಲಿ ಒಂದು ವಿಭಾಗ) ಮಾಡಿದೆ. ಇದಕ್ಕೆ ಆಫೀಸ್ ರಿಬ್ಬನ್‌ಎಕ್ಸ್ ಎಡಿಟರ್ ಎಂಬ ಉಚಿತ ತಂತ್ರಾಂಶ ಸಾಕು.

ಸೆಲ್‌ಗಳಲ್ಲಿ ಎಸ್‌ಎನ್‌ಎಫ್ ಲೆಕ್ಕಕ್ಕೆಂದು ನಾವೇ ಬರೆದ ಫಂಕ್ಷನ್ ಬಳಕೆಯಲ್ಲಿತ್ತು. ಆಡ್-ಇನ್ ಇಲ್ಲದ ಕಂಪ್ಯೂಟರಿನಲ್ಲಿ ಅದು ‘ಹೆಸರು ಗೊತ್ತಿಲ್ಲ’ ಎಂಬ ದೋಷ ತೋರಿಸುತ್ತದೆ. ಆಡ್-ಇನ್ ಇದ್ದೂ ಬೇರೆ ಫೋಲ್ಡರಿನಲ್ಲಿದ್ದರೆ ಸೂತ್ರದೊಳಗೆ ಹಿಂದಿನ ಕಂಪ್ಯೂಟರಿನ ಪೂರ್ತಿ ದಾರಿ ಕಾಣಿಸಿಕೊಂಡು ಕೊಂಡಿ ಕಡಿಯುತ್ತದೆ. ಆಡ್-ಇನ್‌ಗಳ ಮಾಮೂಲಿ ಫೋಲ್ಡರ್ ಪ್ರತಿ ಬಳಕೆದಾರರ ಹೆಸರಿನ ಅಡಿಯಲ್ಲಿರುವುದರಿಂದ ದಾರಿ ಎರಡು ಕಂಪ್ಯೂಟರುಗಳಲ್ಲಿ ಒಂದೇ ಆಗಿರುವುದು ಅಪರೂಪ. ದತ್ತಾಂಶದ ಫೈಲಿನಲ್ಲಿ ನಮ್ಮ ಫಂಕ್ಷನ್ ಒಂದೂ ಇರಬಾರದೆಂದು ನಿಯಮ ಮಾಡಿಕೊಂಡೆ. ಆಡ್-ಇನ್ ಇಲ್ಲದಿದ್ದರೂ ಫೈಲ್ ತೆರೆಯಬೇಕು, ಓದಲು ಬರಬೇಕು, ಮೊತ್ತ ಕೂಡಬೇಕು.

ಕನ್ನಡದ ಕಷ್ಟ

ಹೆಚ್ಚು ಹೊತ್ತು ತಿಂದದ್ದು ಇದು. ವಿಬಿಎ ಬರೆಯುವ ಕಿಟಕಿ ಇಂದಿಗೂ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ವ್ಯವಸ್ಥೆ) ಅಲ್ಲ. ವಿಂಡೋಸ್‌ನ ಹಳೆಯ ಎಎನ್‌ಎಸ್‌ಐ ಕೋಡ್‌ಪೇಜುಗಳೆಂಬ ಅಕ್ಷರಪಟ್ಟಿಗಳಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲವಾದ್ದರಿಂದ ಅಲ್ಲಿ ಕನ್ನಡ ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮಾತ್ರ ಉಳಿಯುತ್ತದೆ. ಒಂದೊಂದು ಅಕ್ಷರವನ್ನೂ ಅದರ ಯೂನಿಕೋಡ್ ಸಂಖ್ಯೆಯಿಂದ ಕಟ್ಟಬಹುದು: ‘ಹಾಲು’ ಬೇಕಾದರೆ 3257, 3262, 3250, 3265. ಇಡೀ ಪ್ರೋಗ್ರಾಮಿನ ಸಂದೇಶಗಳನ್ನು ಹೀಗೆ ಬರೆದರೆ ಓದುವವರು ಯಾರು?

ಹಳೆಯ ಕೋಡು ಈ ಕಷ್ಟವನ್ನು ದಾಟಿದ್ದ ರೀತಿ ಜಾಣತನದ್ದು, ಆದರೆ ಮುಂದಿನವರಿಗೆ ಮುಳ್ಳಾಗುವಂಥದ್ದು. ಅದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯನ್ನು ಬಳಸಿತ್ತು. ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಲ್ಯಾಟಿನ್ ಚಿಹ್ನೆಗಳ ಮನೆಗಳಲ್ಲಿ ಕುಳಿತಿರುತ್ತವೆ. ಕೋಡಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಂತೆ ಕಾಣುವುದು ಸೆಲ್‌ಗೆ ಹೋಗಿ ನುಡಿ ಫಾಂಟ್ ತೊಟ್ಟಾಗ ಕನ್ನಡವಾಗುತ್ತದೆ. ಅಂದರೆ ಕೋಡು ಬರೆದ ಪದ ಸರಿಯಾಗಿ ಕಾಣಬೇಕಾದರೆ ಸೆಲ್‌ನ ಫಾಂಟ್ ಅದೇ ಆಗಿರಬೇಕು. ಸೆಲ್‌ನ ಅಲಂಕಾರವೂ ಹೀಗೆ ಪ್ರೋಗ್ರಾಮಿನ ಭಾಗವಾಗಿಬಿಟ್ಟಿತ್ತು.

ಹೊಸದರಲ್ಲಿ ಎಲ್ಲ ಸಂದೇಶಗಳೂ ಆಡ್-ಇನ್‌ನ ಒಂದು ಶೀಟಿನಲ್ಲಿ ಯೂನಿಕೋಡ್‌ನಲ್ಲಿವೆ, ಸಂದೇಶಕ್ಕೊಂದು ಸಂಖ್ಯೆ. ಕೋಡು ಸಂಖ್ಯೆಯಿಂದ ಕರೆಯುತ್ತದೆ. ಇವು ಪಠ್ಯವೇ ಆದರೂ ಆಡ್-ಇನ್‌ನಲ್ಲಿ ಇರಿಸಿದ್ದಕ್ಕೆ ಕಾರಣ ಅದೇ ಅಳತೆಗೋಲು: ಇವನ್ನು ಬದಲಿಸುವವನು ನಾನು, ಕಾರ್ಯದರ್ಶಿಯವರಲ್ಲ. ಸಂಘದ ಹೆಸರು ಮಾತ್ರ ದತ್ತಾಂಶದ ಫೈಲಿಗೆ ಹೋಯಿತು. ರಿಬ್ಬನ್‌ನ ಹೆಸರುಗಳಿಗೆ ತೊಂದರೆಯಿಲ್ಲ, ಅದು ಎಕ್ಸ್‌ಎಂಎಲ್ ಆದ್ದರಿಂದ ಕನ್ನಡವನ್ನು ನೇರವಾಗಿ ಬರೆಯಬಹುದು. ‘ಮೆಸೇಜ್ ಬಾಕ್ಸ್’ ಮತ್ತೆ ಪ್ರಶ್ನಾರ್ಥಕಗಳನ್ನೇ ತೋರಿಸಿದ್ದರಿಂದ ಅದರ ಬದಲು ಸಣ್ಣ ಫಾರ್ಮ್ ಮಾಡಿ, ಅದರ ಲೇಬಲ್‌ನಲ್ಲಿ ನಿರ್ಮಲಾ ಫಾಂಟಿನಲ್ಲಿ ಸಂದೇಶ ತೋರಿಸುತ್ತೇನೆ. ಲೇಬಲ್‌ಗೆ ಕನ್ನಡ ಬರುತ್ತದೆ, ಫಾರ್ಮಿನ ಶೀರ್ಷಿಕೆಗೆ ಬರುವುದಿಲ್ಲ. ಅದನ್ನು ಖಾಲಿ ಬಿಟ್ಟಿದ್ದೇನೆ.

ಸದಸ್ಯರ ಹೆಸರುಗಳನ್ನು ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವೊತ್ತಿನ ಹೆಸರುಗಳನ್ನು ಕಣ್ಣಿಟ್ಟು ನೋಡಬೇಕಾಯಿತು. ಹಳೆಯ ಬಗೆಯಲ್ಲಿ ಅರ್ಕಾವೊತ್ತು ಕಾಣುವ ಕ್ರಮದಲ್ಲೇ, ಅಂದರೆ ವ್ಯಂಜನದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪಾರ್ವತಮ್ಮ, ಕೀರ್ತಿ, ಸರ್ವಮಂಗಳ ಇಂಥವು ಎಡವುವ ಜಾಗಗಳು. ಇಷ್ಟು ಕಷ್ಟಪಟ್ಟದ್ದಕ್ಕೆ ಸಿಕ್ಕ ಫಲವೆಂದರೆ ಹೆಸರುಗಳು ಈಗ ಅಕಾರಾದಿಯಾಗಿ ಜೋಡಣೆಯಾಗುತ್ತವೆ, ಹುಡುಕಿದರೆ ಸಿಗುತ್ತವೆ.

ಹಳೆಯ ತಿಂಗಳುಗಳನ್ನು ತಂದದ್ದು

ಹಳೆಯ ಫೈಲುಗಳನ್ನು ಒಂದೊಂದಾಗಿ ತೆರೆದು ಓದುವ ಮ್ಯಾಕ್ರೋ ಬರೆಯುವಾಗ ಒಂದು ಎಚ್ಚರ ಬೇಕು. ಕೋಡಿನಿಂದ ತೆರೆದ ಫೈಲಿನ ಮ್ಯಾಕ್ರೋಗಳೂ ಜೀವ ಪಡೆಯುತ್ತವೆ. ತೆರೆದ ಕೂಡಲೇ ತಾರೀಕು ತಿದ್ದುವ ಸಾಲುಗಳು ಅವುಗಳಲ್ಲಿದ್ದವು. ‘ಆಟೊಮೇಷನ್ ಸೆಕ್ಯುರಿಟಿ’ ಎಂಬ ಗುಣವನ್ನು 3ಕ್ಕೆ ಇಟ್ಟರೆ ಎಲ್ಲ ಮ್ಯಾಕ್ರೋಗಳೂ ಮಲಗಿರುತ್ತವೆ. ಫೈಲುಗಳನ್ನು ಓದಲು ಮಾತ್ರ ತೆರೆದು, ಅಂಕಿಗಳನ್ನು ಸೆಲ್ ಸೆಲ್ ಆಗಿ ಅಲ್ಲದೆ ಒಂದೇ ಸಲ ಅರೇಗೆ (ಕೋಡಿನೊಳಗಿನ ಅಂಕಿಗಳ ಪಟ್ಟಿಗೆ) ಎಳೆದುಕೊಂಡೆ. ವೇಗದಲ್ಲಿ ಅಜಗಜಾಂತರ.

ಪ್ರತಿ ತಿಂಗಳೂ ಹಳೆಯ ಫೈಲಿನ ಒಟ್ಟು ಲೀಟರ್, ಒಟ್ಟು ರೂಪಾಯಿ ಮತ್ತು ಹೊಸ ಟೇಬಲಿನವು ತಾಳೆಯಾಗಬೇಕು. ಲೀಟರ್ ತಾಳೆಯಾಯಿತು. ಮೊತ್ತವನ್ನು ಮರುಲೆಕ್ಕ ಹಾಕಲಿಲ್ಲ. ಚೀಟಿಯಲ್ಲಿ ಕೊಟ್ಟದ್ದು 182.12 ಆಗಿದ್ದರೆ ಹೊಸ ಟೇಬಲಿನಲ್ಲೂ ಅದೇ. ಖಾತೆಗೂ ಚೀಟಿಗೂ ಇದ್ದ ಪೈಸೆಗಳ ವ್ಯತ್ಯಾಸವನ್ನು ಬೇರೆ ಶೀಟಿನಲ್ಲಿ ತಿಂಗಳವಾರು ಬರೆದು, ಆಡಳಿತ ಮಂಡಳಿಯ ಮುಂದಿಡಲು ಕೊಟ್ಟೆ.

ಸಂಘದ ಕಂಪ್ಯೂಟರಿಗೆ ಆಡ್-ಇನ್ ಹಾಕುವಾಗ ಅಡ್ಡ ಬಂದದ್ದು ಮ್ಯಾಕ್ರೋ ತಡೆ. 2022ರಿಂದ ಮೈಕ್ರೋಸಾಫ್ಟ್ ಇಂಟರ್ನೆಟ್‌ನಿಂದ ಇಳಿದ ಫೈಲುಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುತ್ತಿದೆ. ಇಮೇಲಿನಲ್ಲಿ ಕಳಿಸಿದ ಆಡ್-ಇನ್‌ಗೂ ಇದೇ ಗತಿ. ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ‘ಅನ್‌ಬ್ಲಾಕ್’ ಗುರುತು ಹಾಕಿದರೆ ಬಿಡುತ್ತದೆ. ಒಂದು ಕಡೆ ನೋಡಿದರೆ ಇದೂ ಬೇರ್ಪಡಿಸಿದ್ದರ ಲಾಭವೇ: ಕಾರ್ಯದರ್ಶಿಯವರು ಒಕ್ಕೂಟಕ್ಕೋ ಬ್ಯಾಂಕಿಗೋ ಕಳಿಸುವ ಲೆಕ್ಕದ ಫೈಲಿನಲ್ಲಿ ಮ್ಯಾಕ್ರೋ ಇಲ್ಲದಿರುವುದರಿಂದ ಅಲ್ಲಿ ಯಾರಿಗೂ ಆ ಎಚ್ಚರಿಕೆಯ ಪಟ್ಟಿ ಕಾಣುವುದಿಲ್ಲ.

ಕೋಡಿನ ಮಾಡ್ಯೂಲುಗಳನ್ನು ಪಠ್ಯವಾಗಿ ಎಕ್ಸ್‌ಪೋರ್ಟ್ ಮಾಡಿ, ಬದಲಾವಣೆಗಳ ಚರಿತ್ರೆಯನ್ನು ಕಾಪಿಡುವ ಗಿಟ್ ತಂತ್ರಾಂಶದಲ್ಲಿ ಇಟ್ಟಿದ್ದೇನೆ. ಬೈನರಿಯೊಳಗೆ ಹುದುಗಿದ್ದಾಗ ಯಾವ ಸಾಲು ಯಾವಾಗ ಬದಲಾಯಿತೆಂದು ನೋಡಲು ಆಗುತ್ತಿರಲಿಲ್ಲ.

ಉಳಿದಿರುವುದು ಪಶು ಆಹಾರದ ಉದ್ರಿ ಲೆಕ್ಕ. ಅದು ಇನ್ನೂ ಹಳೆಯ ಫೈಲಿನಲ್ಲೇ ಇದೆ, ಬಟವಾಡೆಯಲ್ಲಿ ಮುರಿದುಕೊಳ್ಳಬೇಕಾದ ಮೊತ್ತವನ್ನು ಸದ್ಯಕ್ಕೆ ಕೈಯಿಂದ ನಮೂದಿಸುತ್ತಿದ್ದಾರೆ. ಅಲ್ಲಿ ಸದಸ್ಯರ ಹಿಂದಿನ ಬಾಕಿ ಒಂದು ಸೆಲ್‌ನಲ್ಲಿದೆ, ಆ ಸೆಲ್ ಹಿಂದಿನ ತಿಂಗಳ ಫೈಲಿನ ಸೆಲ್‌ಗೆ ಕೊಂಡಿಯಾಗಿದೆ, ಅದು ಅದರ ಹಿಂದಿನದಕ್ಕೆ. ಯಾವ ತಿಂಗಳ ಕೊನೆಯ ಬಾಕಿಯನ್ನು ಆರಂಭದ ಶಿಲ್ಕೆಂದು ಒಪ್ಪಿಕೊಳ್ಳುವುದು ಎಂದು ಆಡಳಿತ ಮಂಡಳಿ ಬರೆದು ಕೊಟ್ಟ ಮೇಲೆ ಆ ಸರಪಳಿಯನ್ನು ಕಡಿಯಬೇಕು.